ಕಾವೇರಿಯ ಎಡದಂಡೆಯ ಕುಶಾಲನಗರ: ಸೇತುವೆಯಿಂದ ಕಾಫಿ ಕಣದವರೆಗೆ

ಕೊಡಗಿನ ಚಾರಿತ್ರಿಕ ಗುರುತುಗಳನ್ನು ಹೇಳುವಾಗ ಮಡಿಕೇರಿಯ ಕೋಟೆ, ರಾಜರ ಗದ್ದುಗೆ ಮತ್ತು ನಾಲ್ಕುನಾಡು ಅರಮನೆಗಳನ್ನು ಹೆಸರಿಸಿ ಅಲ್ಲಿಗೇ ನಿಲ್ಲಿಸುವುದು ರೂಢಿ. ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಕುಶಾಲನಗರ ಮೈಸೂರು–ಮಡಿಕೇರಿ ಹೆದ್ದಾರಿಯ ನಡುವಿನ ಒಂದು ಪೇಟೆಯೆಂದಷ್ಟೇ ಹಲವರಿಗೆ ಪರಿಚಿತವಾಗಿದೆ. ಆದರೆ ಅರಮನೆಗಳು ಅರಸರ ಕಥೆಯನ್ನು ಹೇಳುವುದಾದರೆ, ಕೊಡಗಿನ ಬೆಳೆ ಹೇಗೆ ಸರಕಾಯಿತು, ಆ ಸರಕು ಯಾವ ದಾರಿಯಲ್ಲಿ ಹೊರಜಗತ್ತನ್ನು ತಲುಪಿತು ಎಂಬುದನ್ನು ತಿಳಿಯಲು ಈ ಹೊಳೆದಂಡೆಯ ಊರಿಗೇ ಬರಬೇಕು.

ದಕ್ಷಿಣದಿಂದ ಉತ್ತರಕ್ಕೆ ಹರಿಯುವ ಕಾವೇರಿ ಇಲ್ಲಿ ಕೊಡಗು ಮತ್ತು ಮೈಸೂರು ಜಿಲ್ಲೆಗಳ ಗಡಿಯಾಗಿದ್ದು, ಈ ದಡದಲ್ಲಿ ಕುಶಾಲನಗರವೂ ಆ ದಡದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವೂ ಇವೆ. ಹೈದರ್ ಅಲಿ ಇಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಕುಶಲವಾರ್ತೆ ಬಂದುದರಿಂದ ಊರಿಗೆ ಈ ಹೆಸರು ಬಂತೆಂಬ ಐತಿಹ್ಯ ಹಳೆಯ ಗ್ಯಾಸೆಟಿಯರುಗಳಿಂದ ಮೊದಲ್ಗೊಂಡು ಇಂದಿನವರೆಗೂ ನಡೆದುಬಂದಿದೆ. ಆದರೆ ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಆಸುಪಾಸಿನಲ್ಲಿ; ಹೈದರ್ ಕೊಡಗಿನ ಮೇಲೆ ಕಣ್ಣಿಟ್ಟದ್ದು 1760ರ ದಶಕದಲ್ಲಿ. ಕಾಲಗಣನೆಗೆ ಹೊಂದದ ಈ ಕಥೆಯನ್ನು ಐತಿಹ್ಯವೆಂದು ಕಾಪಾಡಿಕೊಳ್ಳಬಹುದೇ ಹೊರತು ಇತಿಹಾಸವೆಂದು ಒಪ್ಪಲಾಗದು.

ಊರಿನ ಇನ್ನೊಂದು ಹೆಸರಾದ ಫ್ರೇಸರ್‌ಪೇಟೆಗೆ ಆಧಾರ ಸ್ಪಷ್ಟವಾಗಿದೆ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ನಾಲ್ಕು ದಿಕ್ಕುಗಳಿಂದ ಕೊಡಗನ್ನು ಪ್ರವೇಶಿಸಿದಾಗ, ಪೂರ್ವದಿಂದ ಬಂದ ತುಕಡಿ ಕಾವೇರಿಯನ್ನು ದಾಟಿ ಮಡಿಕೇರಿಯನ್ನು ಹಿಡಿಯಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಆ ಕಾರ್ಯಾಚರಣೆಯ ರಾಜಕೀಯ ಹೊಣೆ ಹೊತ್ತಿದ್ದವನು ಜೇಮ್ಸ್ ಸ್ಟುವರ್ಟ್ ಫ್ರೇಸರ್. ಮುಂದೆ ಬ್ರಿಟಿಷ್ ಆಡಳಿತದಲ್ಲಿ ಮಡಿಕೇರಿಯ ಬಿರುಮಳೆಯ ತಿಂಗಳುಗಳನ್ನು ಅಧಿಕಾರಿಗಳು ಇಲ್ಲಿ ಕಳೆಯುತ್ತಿದ್ದರು. ಇಲ್ಲಿ ಕಾವೇರಿಗೆ ಕಟ್ಟಿದ ಸೇತುವೆ ಮೈಸೂರು ಸೀಮೆಗೆ ಕೊಡಗಿನ ಹೆಬ್ಬಾಗಿಲಾಯಿತು. ಇಂದಿಗೂ ರೈಲುಮಾರ್ಗವಿಲ್ಲದ ಜಿಲ್ಲೆಯಲ್ಲಿ ಒಂದು ಸೇತುವೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಧಿಕಾರಿಗಳನ್ನು ಇಲ್ಲಿಗೆ ಕರೆತಂದ ಹವೆಯೇ ಕಾಫಿ ಗಿರಣಿಗಳನ್ನೂ ಕರೆತಂದಿತು. ಸುಮಾರು 830 ಮೀಟರ್ ಎತ್ತರದಲ್ಲಿ, ಬೆಟ್ಟಸಾಲಿನ ಮಳೆಯ ಮರೆಯಲ್ಲಿರುವ ಈ ಬಯಲಿಗೆ ಮಡಿಕೇರಿಗಿಂತ ಬಹಳ ಕಡಿಮೆ ಮಳೆಯೂ ಹೆಚ್ಚು ಬಿಸಿಲೂ ದೊರೆಯುತ್ತವೆ. ಕಾಫಿಯನ್ನು ಸಂಸ್ಕರಿಸಲು ಬೇಕಾದದ್ದು ಇಂಥ ಜಾಗವೇ. ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ತೆಳುವಾದ ಒಳಪೊರೆಯೊಂದಿಗೆ ಒಣಗಿಸಿದ ಬೀಜವನ್ನು ಪಾರ್ಚ್‌ಮೆಂಟ್ ಎಂದೂ, ಸಿಪ್ಪೆ ಸಮೇತ ಹಾಗೆಯೇ ಒಣಗಿಸಿದ ಹಣ್ಣನ್ನು ಚೆರಿ ಎಂದೂ ಕರೆಯುತ್ತಾರೆ. ಇವೆರಡೂ ಮೂಟೆಗಳಲ್ಲಿ ಕ್ಯೂರಿಂಗ್ ವರ್ಕ್ಸ್ ಎಂಬ ಸಂಸ್ಕರಣಾ ಗಿರಣಿಗೆ ಬರುತ್ತವೆ. ಅಲ್ಲಿ ತೇವ ಹೆಚ್ಚಿರುವ ಕಾಫಿಯನ್ನು ಕಣದಲ್ಲಿ ಮತ್ತೊಮ್ಮೆ ಹರವಿ ಒಣಗಿಸಿ, ಹಲ್ಲರ್ ಯಂತ್ರದಲ್ಲಿ ಪೊರೆ ಮತ್ತು ಹೊಟ್ಟನ್ನು ಬಿಡಿಸಿ, ಜರಡಿಗಳಲ್ಲಿ ಗಾತ್ರಕ್ಕನುಸಾರವಾಗಿ ವಿಂಗಡಿಸುತ್ತಾರೆ. ‘ಪ್ಲಾಂಟೇಷನ್ ಎ’ ದರ್ಜೆಗೆ ಸೇರುವ ಬೀಜಗಳು ಬಹುಪಾಲು 6.65 ಮಿ.ಮೀ. ರಂಧ್ರದ ಜರಡಿಯ ಮೇಲೆ ಉಳಿಯಬೇಕು. ಕಪ್ಪಾದ, ಮುರಿದ ಬೀಜಗಳನ್ನು ಹೆಕ್ಕಿ ತೆಗೆಯುವ ಕೆಲಸವನ್ನು ದೀರ್ಘಕಾಲ ಸಾಲಾಗಿ ಕುಳಿತ ಹೆಣ್ಣುಮಕ್ಕಳ ಕೈಗಳೇ ಮಾಡಿದವು. ಬಣ್ಣ ಗುರುತಿಸುವ ಯಂತ್ರಗಳು ಬಂದ ಮೇಲೆ ಆ ಸಾಲುಗಳು ಕಿರಿದಾಗಿವೆ. ಕೊಡಗಿನ ಕಾಫಿಗೆ ಬಂದ ಹೆಸರಿನಲ್ಲಿ ಬೆಳೆಗಾರನಷ್ಟೇ ಪಾಲು ಈ ಕೈಗಳಿಗೂ ಸಲ್ಲಬೇಕು.

1942ರ ಕಾಫಿ ಕಾಯಿದೆಯ ಬಳಿಕ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ‘ಪೂಲ್’ಗೆ, ಅಂದರೆ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಮಂಡಳಿಯ ಪರವಾಗಿ ಅದನ್ನು ತೂಗಿ, ದರ್ಜೆ ನಿಗದಿಮಾಡುತ್ತಿದ್ದುದು ಕ್ಯೂರಿಂಗ್ ವರ್ಕ್ಸ್‌ಗಳೇ ಆದುದರಿಂದ ಬೆಳೆಗಾರನ ವರ್ಷದ ಲೆಕ್ಕ ಅವುಗಳ ತಕ್ಕಡಿಯಲ್ಲಿಯೇ ತೀರ್ಮಾನವಾಗುತ್ತಿತ್ತು. 1990ರ ದಶಕದಲ್ಲಿ ಮುಕ್ತ ಮಾರಾಟ ಹಂತಹಂತವಾಗಿ ಜಾರಿಗೆ ಬಂದು 1996ರಲ್ಲಿ ಪೂರ್ಣಗೊಂಡಿತು. ಇಂದು ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಇಂಥ ಹಲವು ಗಿರಣಿಗಳಿವೆ.

ಹೊಳೆದಂಡೆಯ ಈ ಊರಿನಂತೆಯೇ ಸುತ್ತಮುತ್ತಲಿನ ಗುರುತುಗಳೂ ನೀರಿನ ನಂಟುಳ್ಳವು: ಕೂಡಿಗೆಯಲ್ಲಿ ಹಾರಂಗಿ ಹೊಳೆ ಕಾವೇರಿಯನ್ನು ಸೇರುತ್ತದೆ, ಆ ಹೊಳೆಗೆ ಕಟ್ಟಿದ 47 ಮೀಟರ್ ಎತ್ತರದ ಅಣೆಕಟ್ಟೆ ಊರಿಗೆ ಸಮೀಪದಲ್ಲಿದೆ, ಕಣಿವೆ ಎಂಬ ಊರಿನ ರಾಮಲಿಂಗೇಶ್ವರ ದೇವಾಲಯದ ಬಳಿಯ ತೂಗುಸೇತುವೆ ಎರಡು ಜಿಲ್ಲೆಗಳನ್ನು ಬೆಸೆಯುತ್ತದೆ. ಇದೇ ಕಾವೇರಿ 2018 ಮತ್ತು 2019ರ ಆಗಸ್ಟ್‌ನಲ್ಲಿ ದಂಡೆ ಮೀರಿ ಬಡಾವಣೆಗಳಿಗೆ ನುಗ್ಗಿತು. ಆ ನೀರು ಏರಿದ ಮಟ್ಟವೂ ಅಳಿಸಬಾರದ ಚಾರಿತ್ರಿಕ ಗುರುತೇ ಆಗಿದೆ.

ಸೋಮವಾರಪೇಟೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿರುವ ಕುಶಾಲನಗರದ ಆಡಳಿತವು ಸೇತುವೆ, ಹಳೆಯ ಕಾಫಿ ಕಣ ಮತ್ತು ಪ್ರವಾಹದ ಮಟ್ಟಗಳ ಬಳಿ ಇಸವಿ ಸಹಿತವಾದ ಕನ್ನಡ ಫಲಕಗಳನ್ನು ನಿಲ್ಲಿಸಬೇಕು. ಗಿರಣಿಗಳಲ್ಲಿ ಕಾಳು ಹೆಕ್ಕಿದ ಹಿರಿಯ ಹೆಣ್ಣುಮಕ್ಕಳ ನೆನಪುಗಳನ್ನು ಅವರು ನಮ್ಮೊಡನಿರುವಾಗಲೇ ಬರೆದಿಟ್ಟುಕೊಳ್ಳುವ ಕೆಲಸವನ್ನು ಊರಿನ ಶಾಲೆ-ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.