ಲುಂಗಿ, ಗೆಜ್ಜೆ, ಗಿಟಾರು: ಪಂಜದವರೆಗೂ ಬಂತು ಈ ಹುಚ್ಚು!

ಜಾತ್ರೆ ಅಂದರೆ ನಮ್ಮ ಪಂಜದ ಹುಡುಗರಿಗೆ ತೇರು, ಚರುಮುರಿ, ಆಮೇಲೆ ರಸಮಂಜರಿ. ಪಿಯುಸಿಗೆ ಅರ್ಧದಲ್ಲೇ ಕೈಮುಗಿದ ನಾನು ಆರ್ಕೆಸ್ಟ್ರಾ ಒಂದರ ಹಿಂದೆ ಎರಡು ವರ್ಷ ವಯರು ಸುತ್ತುತ್ತಾ, ಪೆಟ್ಟಿಗೆ ಹೊರುತ್ತಾ ಅಲೆದವನು. ಸಂಬಳ? ಊಟ ಮತ್ತು ಬಸ್ ಚಾರ್ಜು! ಆಸೆ ಮಾತ್ರ ಮೈಕಿನ ಮೇಲೆ.

ಒಂದು ರಾತ್ರಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಅಣ್ಣ, ಗಿಟಾರು ಹಿಡಿದು ಶರೀಫರ ಒಂದು ಹಾಡು ಹೇಳ್ಲಾ?"

"ಎಂತ ಮಾರಾಯ, ತತ್ವಪದಕ್ಕೆ ಗಿಟಾರಾ? ಜನ ಕಲ್ಲು ಬಿಸಾಡ್ತಾರೆ. ಹೋಗು, ವಯರು ಸುತ್ತು!"

ಅಣ್ಣನಿಗೆ ಉತ್ತರ ನನ್ನ ಮೊಬೈಲಿನಲ್ಲೇ ಇತ್ತು. ರಘು ದೀಕ್ಷಿತ್ ಪ್ರಾಜೆಕ್ಟ್!

ಬೀಟಲ್ಸ್ ತಂಡ 1970ರಲ್ಲಿ ಒಡೆದುಹೋದರೂ ಲೋಕದ ಹುಡುಗರ ಕೈಗೆ ಗಿಟಾರು ಕೊಟ್ಟೇ ಹೋಯಿತು. ಜೊತೆಗೆ ನಮ್ಮಲ್ಲೊಂದು ಭ್ರಮೆಯೂ ಬೆಳೆಯಿತು: ಗಿಟಾರು ಹಿಡಿದವ ಇಂಗ್ಲಿಷೇ ಹಾಡಬೇಕು, ಜೀನ್ಸೇ ತೊಡಬೇಕು ಅಂತ. ಅದನ್ನು ಮುರಿದವರು ಮೈಸೂರಿನ ಈ ಆಸಾಮಿ. ಕಲಿತದ್ದು ಭರತನಾಟ್ಯ, ಓದಿದ್ದು ಮೈಕ್ರೋಬಯಾಲಜಿ, ಹಿಡಿದದ್ದು ಗಿಟಾರು! 2008ರ ಮೊದಲ ಆಲ್ಬಮ್ಮಿನಲ್ಲೇ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಗುಡುಗುಡಿ ಹಾಡಿಗೆ ಡ್ರಮ್ಸು ಬಾರಿಸಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿ ಬಂದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ಕನ್ನಡ. ಈ ತಂಡದ ಗುರುತೇ ಅದು.

ನ್ಯಾಯ ಹೇಳಬೇಕಲ್ಲ, ಶರೀಫರನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥ್. 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಹಾಡುಗಳು ನನ್ನ ಅಪ್ಪನಿಗೆ ಬಾಯಿಪಾಠ. ಆದರೆ ಅಪ್ಪನ ಹಾಡು ಮಗನದೂ ಆಗಬೇಕಾದರೆ ಸದ್ದು ಬದಲಾಗಬೇಕಿತ್ತು ಕಣ್ರೀ!

ಚಿತ್ರರಂಗಕ್ಕೂ ಬಂದರು. 2008ರ 'ಸೈಕೋ' ಚಿತ್ರದ ಮಾದೇಶ್ವರನ ಹಾಡು ಎಲ್ಲರ ಬಾಯಲ್ಲಿ ಕುಣಿಯಿತು. 2010ರ 'ಜಸ್ಟ್ ಮಾತ್ ಮಾತಲ್ಲಿ' ಹಾಡುಗಳು ಇವತ್ತಿಗೂ ತಾಜಾ; ಚಿತ್ರ ನನಗೆ ಅಷ್ಟು ರುಚಿಸಲಿಲ್ಲ, ಬೈಯಬೇಡಿ. 2020ರ 'ಲವ್ ಮಾಕ್‌ಟೇಲ್' ಗೊತ್ತೇ ಇದೆ. 2023ರಲ್ಲಿ ಬಂತು ನೋಡಿ, 'ಆರ್ಕೆಸ್ಟ್ರಾ ಮೈಸೂರು'! ಸಂಗೀತ ರಘು ಅವರದು, ಸಾಹಿತ್ಯ ಡಾಲಿ ಧನಂಜಯ ಅವರದು. ಆರ್ಕೆಸ್ಟ್ರಾದಲ್ಲಿ ಹಾಡಬೇಕೆಂದು ಹಂಬಲಿಸುವ ಹುಡುಗನ ಕಥೆ. ಅದು ನನ್ನದೇ ಕಥೆಯಲ್ಲವೇ? ಪಕ್ಕದಲ್ಲಿದ್ದ ಗೆಳೆಯ ನನ್ನ ಮುಖ ನೋಡಿ ಮಾತಾಡದೆ ಕರ್ಚೀಫು ಕೊಟ್ಟ.

ನಾನು ಗಾಯಕನಾಗಲಿಲ್ಲ, ಬರೆಯುವವನಾದೆ. ಆದರೆ ಈಗ ನಮ್ಮ ಕಡೆ ಮದರಂಗಿ ರಾತ್ರಿ ಹುಡುಗರು ಗಿಟಾರು ತರುತ್ತಾರೆ, ಡ್ರಮ್ಸಿಗೆ ಖಾಲಿ ಪೈಂಟ್ ಡಬ್ಬಿಯೂ ನಡೆಯುತ್ತದೆ. ತುಳು ಹಾಡು, ಅರೆಭಾಷೆ ಹಾಡು, ಶರೀಫರ ಪದ, ಯಾವುದಕ್ಕೂ ನಾಚಿಕೆ ಇಲ್ಲ. ಮೊನ್ನೆ ಅಂಥದ್ದೇ ಒಂದು ಮದರಂಗಿಯಲ್ಲಿ ಅವರ ಜೊತೆ ಕೂತು ನಾನೂ ಗುಡುಗುಡಿ ಹಾಡಿದೆ. ಯಾರೂ ಕಲ್ಲು ಬಿಸಾಡಲಿಲ್ಲ!

ಊಟಕ್ಕೆ ಬಂದಿದ್ದ ಆರ್ಕೆಸ್ಟ್ರಾದ ಅದೇ ಅಣ್ಣ ಕೈಬೀಸಿ ಕರೆದರು. ಮೆಲ್ಲಗೆ ಕೇಳಿದರು: "ಆ ಹಾಡನ್ನು ನೀನು ಯಾವ ಶ್ರುತಿಯಲ್ಲಿ ಹೇಳಿದ್ದು ಮಾರಾಯ?"