ಯುದ್ಧಕ್ಕೆ ಹೋದ ಪ್ರಯಾಣಿಕರ ಹಡಗು: ರೋಹ್ನಾ

ನಮ್ಮ ಕಾಗಾಲದವರಿಗೆ ದೋಣಿ ಹೊಸತಲ್ಲ. ಅಘನಾಶಿನಿಯಿಂದ ತದಡಿಗೆ ತಾರಿ ದಾಟಿದ್ದೇವೆ. ಅಳಿವೆಯಲ್ಲಿ ಮೀನಿನ ಬೋಟು ಒಳಗೆ ಬರುವುದನ್ನು ನೋಡಿದ್ದೇವೆ. ಆದರೆ ಐದು ಸಾವಿರ ಜನರನ್ನು ಒಂದೇ ಸಲ ಹೊತ್ತು ಸಮುದ್ರ ದಾಟುವ ಹಡಗು ಹೇಗಿರುತ್ತದೆ? ಯುದ್ಧ ಬಂದಾಗ ಅಂಥ ಹಡಗನ್ನು ಏನು ಮಾಡುತ್ತಾರೆ? ಈ ಸಲದ ಗೋಡೆ ಪತ್ರಿಕೆಗೆ ನಾನು ಅಂಥ ಒಂದು ಹಡಗಿನ ಚರಿತ್ರೆ ಬರೆದಿದ್ದೇನೆ. ಅದರ ಹೆಸರು ರೋಹ್ನಾ.

‘ಅದು ಬ್ರಿಟಿಷರ ಹಡಗು, ಮುಳುಗಿದ್ದು ಆಫ್ರಿಕಾದ ಹತ್ತಿರ, ಅದರ ಕಥೆ ನಮಗ್ಯಾಕೆ?’ ಅಂತ ನೀವು ಕೇಳಬಹುದು. ಹಡಗು ಅವರದು ನಿಜ. ಆದರೆ ಅದರಲ್ಲಿ ದುಡಿದ ಕೈಗಳು ಹೆಚ್ಚಿನವು ನಮ್ಮ ದೇಶದವು. ಅದಕ್ಕೇ ಬರೆದೆ.

ಅಕ್ಕತಂಗಿ ಹಡಗುಗಳು

ಆಗ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಅಂತ ಒಂದು ದೊಡ್ಡ ಹಡಗು ಕಂಪನಿ ಇತ್ತು. ಆ ಕಂಪನಿ 1926ರಲ್ಲಿ ಒಂದೇ ಮಾದರಿಯ ಎರಡು ಹಡಗು ಕಟ್ಟಿಸಿತು. ರೋಹ್ನಾ ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ತಯಾರಾಯಿತು. ರಾಜುಲಾ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾಯಿತು. ಹೀಗೆ ಒಂದೇ ಮಾದರಿಯವನ್ನು ಹಡಗಿನವರು ಅಕ್ಕತಂಗಿ ಹಡಗು ಎನ್ನುತ್ತಾರೆ. ಈ ಕಂಪನಿ ತನ್ನ ಹಡಗುಗಳಿಗೆ ನಮ್ಮ ಕಡೆಯ ಊರುಗಳ ಹೆಸರಿಡುತ್ತಿತ್ತು. ರೋಹ್ನಾ ಎಂಬುದು ಈಗಿನ ಹರಿಯಾಣದ ಸೋನಿಪತ್ ಕಡೆಯ ಒಂದು ಹಳ್ಳಿ. ರಾಜುಲಾ ಗುಜರಾತಿನ ಒಂದು ಊರು. ನಮ್ಮೂರಿನಂಥ ಒಂದು ಹಳ್ಳಿಯ ಹೆಸರು ಹಡಗಿನ ಮೇಲೆ ಬರೆಸಿಕೊಂಡು ಸಮುದ್ರ ಸುತ್ತುತ್ತಿತ್ತು ನೋಡಿ!

ರೋಹ್ನಾ ಸುಮಾರು 140 ಮೀಟರ್ ಉದ್ದ ಇತ್ತು. ನಮ್ಮ ಕಬಡ್ಡಿ ಅಂಕಣ 13 ಮೀಟರ್. ಅಂದರೆ ಹತ್ತು ಅಂಕಣ ಸಾಲಾಗಿ ಇಟ್ಟರೂ ಹಡಗು ಇನ್ನೂ ಸ್ವಲ್ಪ ಉಳಿಯುತ್ತದೆ. ಮದರಾಸು, ನಾಗಪಟ್ಟಣದಿಂದ ಸಿಂಗಾಪುರದ ಕಡೆಗೆ ಈ ಹಡಗುಗಳ ಓಡಾಟ. ಶ್ರೀಮಂತರಿಗೆ ಮೇಲೆ ಕೋಣೆಗಳಿದ್ದವು. ಉಳಿದವರು ಡೆಕ್ ಪ್ಯಾಸೆಂಜರು. ಮಲಯಾದ ರಬ್ಬರು ತೋಟಗಳಿಗೆ ಕೂಲಿಗೆ ಹೋಗುವ ಬಡವರು ಅಟ್ಟದ ಮೇಲೆ ಚಾಪೆ ಹಾಸಿಕೊಂಡೇ ಸಮುದ್ರ ದಾಟುತ್ತಿದ್ದರು. ಹೀಗೆ 5,000ಕ್ಕೂ ಹೆಚ್ಚು ಡೆಕ್ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಇವಕ್ಕೆ ಪರವಾನಗಿ ಇತ್ತು.

ಯುದ್ಧದ ವೇಷ

ಎರಡನೇ ಮಹಾಯುದ್ಧ 1939ರ ಸೆಪ್ಟೆಂಬರದಲ್ಲಿ ಶುರುವಾಯಿತು. ಸೈನಿಕರನ್ನು ಖಂಡದಿಂದ ಖಂಡಕ್ಕೆ ಸಾಗಿಸಬೇಕು. ಆಗ ಇಷ್ಟು ಜನರನ್ನು ಒಯ್ಯುವ ವಿಮಾನಗಳಿರಲಿಲ್ಲ. ಯುದ್ಧನೌಕೆಯಲ್ಲಿ ತೋಪು, ಮದ್ದುಗುಂಡಿಗೇ ಜಾಗ ಸಾಲದು. ಪ್ರಯಾಣಿಕರ ಹಡಗಿನಲ್ಲಾದರೆ ಮಲಗುವ ಜಾಗ, ದೊಡ್ಡ ಅಡುಗೆಮನೆ, ಕುಡಿಯುವ ನೀರಿನ ಟಾಂಕಿ ಎಲ್ಲ ಮೊದಲೇ ಇರುತ್ತದೆ. ಹಾಗಾಗಿ ಸರಕಾರ ಅಂಥ ಹಡಗುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದೂರದಿಂದ ಕಾಣಬಾರದೆಂದು ಬೂದು ಬಣ್ಣ ಬಳಿದರು. ಮೇಜು ಕುರ್ಚಿ ತೆಗೆದು ತೂಗುಮಂಚ ಕಟ್ಟಿದರು. ವಿಮಾನ ಹೊಡೆಯುವ ತೋಪು ಇಟ್ಟರು.

ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ಕ್ವೀನ್ ಮೇರಿ’. 1943ರ ಜುಲೈಯಲ್ಲಿ ಅದು ಅಮೇರಿಕದಿಂದ ಬ್ರಿಟನ್ನಿಗೆ ಒಂದೇ ಸಲಕ್ಕೆ 16,683 ಜನರನ್ನು ಒಯ್ಯಿತು. ಅದರ ವೇಗ ಎಷ್ಟೆಂದರೆ ನೀರೊಳಗಿನ ಸಬ್‌ಮರೀನಿಗೆ ಬೆನ್ನಟ್ಟಲು ಆಗುತ್ತಿರಲಿಲ್ಲ. ಹಾಗಾಗಿ ಅದು ಒಂಟಿಯಾಗಿಯೇ ಹೋಗುತ್ತಿತ್ತು. ರೋಹ್ನಾಕ್ಕೆ ಆ ವೇಗ ಇಲ್ಲ. ನಿಧಾನದ ಹಡಗುಗಳೆಲ್ಲ ಗುಂಪು ಕಟ್ಟಿಕೊಂಡು, ಸುತ್ತ ಯುದ್ಧನೌಕೆಗಳ ಕಾವಲಿನಲ್ಲಿ ಸಾಗಬೇಕು. ಇದಕ್ಕೆ ಕಾನ್‌ವಾಯ್ ಅನ್ನುತ್ತಾರೆ. 1940ರಿಂದ ರೋಹ್ನಾ ಸೈನಿಕರ ಹಡಗಾಯಿತು.

1943ರ ನವೆಂಬರ್ 26

ಅಮೇರಿಕದ 1,981 ಸೈನಿಕರು ಆಫ್ರಿಕಾದ ಉತ್ತರ ತುದಿಯ ಓರಾನ್ ಬಂದರಿನಲ್ಲಿ ರೋಹ್ನಾ ಹತ್ತಿದರು. ಅವರು ಹೋಗಬೇಕಾಗಿದ್ದು ಎಲ್ಲಿಗೆ ಗೊತ್ತೇ? ಸುಯೆಜ್ ಕಾಲುವೆ ದಾಟಿ ನಮ್ಮ ಅರಬ್ಬಿ ಸಮುದ್ರದಲ್ಲಿ ಮುಂಬಯಿಗೆ! ಅಲ್ಲಿಂದ ಮುಂದೆ ಚೀನಾ, ಬರ್ಮಾ ಕಡೆಯ ಯುದ್ಧಕ್ಕೆ. ನವೆಂಬರ್ 25ರಂದು ಹಡಗು ಹೊರಟಿತು.

ಮರುದಿನ ಸಂಜೆ ಅಲ್ಜೀರಿಯಾ ದೇಶದ ಕರಾವಳಿಯಾಚೆ ಜರ್ಮನಿಯ ವಿಮಾನಗಳು ಬಂದವು. ಅವುಗಳ ಹತ್ತಿರ ಒಂದು ಹೊಸ ಆಯುಧ ಇತ್ತು. ಸಾಧಾರಣ ಬಾಂಬನ್ನು ಬಿಟ್ಟ ಮೇಲೆ ಅದು ಎಲ್ಲಿ ಬೀಳುತ್ತದೋ ಅಲ್ಲಿಗೇ ಸರಿ, ತಿರುಗಿಸಲು ಬರುವುದಿಲ್ಲ. ಈ ಬಾಂಬಿಗೆ ರೆಕ್ಕೆ ಇತ್ತು, ಮುಂದೆ ದೂಡಲು ರಾಕೆಟ್ ಇತ್ತು. ವಿಮಾನದಲ್ಲಿ ಕೂತವನು ಒಂದು ಹಿಡಿಕೆ ಅಲುಗಾಡಿಸಿ ರೇಡಿಯೋ ಸಂಕೇತದಿಂದ ಅದನ್ನು ಬೇಕಾದ ಕಡೆಗೆ ತಿರುಗಿಸುತ್ತಿದ್ದ. ಜಾತ್ರೆಯಲ್ಲಿ ಸಿಗುವ ರಿಮೋಟ್ ಕಾರು ನೋಡಿದ್ದೀರಲ್ಲ, ತತ್ವ ಅದೇ. ಆದರೆ ಇದರೊಳಗೆ ಇದ್ದದ್ದು ಸುಮಾರು 300 ಕಿಲೋ ಸ್ಫೋಟಕ.

ಬಿಟ್ಟ ಬಾಂಬುಗಳಲ್ಲಿ ಹೆಚ್ಚಿನವು ಗುರಿ ತಪ್ಪಿ ನೀರಿಗೆ ಬಿದ್ದವು. ಒಂದು ಮಾತ್ರ ರೋಹ್ನಾದ ಎಡ ಮಗ್ಗುಲಿಗೆ ಹೊಡೆಯಿತು. ಒಳಗೆ ಹೋಗಿ ಸಿಡಿದು ಆಚೆ ಮಗ್ಗುಲನ್ನೂ ಒಡೆದು ಹಾಕಿತು. ಬೆಂಕಿ ಎದ್ದಿತು. ಹಡಗಿನಲ್ಲಿ 22 ಜೀವರಕ್ಷಕ ದೋಣಿಗಳಿದ್ದವು. ಆದರೆ ಕೆಲವು ಸ್ಫೋಟದಲ್ಲೇ ಒಡೆದವು, ಕೆಲವು ಇಳಿಸುವಾಗ ಸಿಕ್ಕಿಹಾಕಿಕೊಂಡವು. ನೀರಿಗೆ ಇಳಿದದ್ದು 8 ಮಾತ್ರ. ಅದರಲ್ಲೂ ಕೆಲವಕ್ಕೆ ಜನ ಮುಗಿಬಿದ್ದು ಮಗುಚಿದವು. ಸಮುದ್ರ ಜೋರಿತ್ತು, ನೀರು ಕೊರೆಯುವ ಚಳಿ, ಕತ್ತಲೂ ಆಯಿತು. ಸುಮಾರು ಒಂದೂವರೆ ತಾಸಿನಲ್ಲಿ ರೋಹ್ನಾ ಮುಳುಗಿತು. ಅಮೇರಿಕದ ‘ಪಯೊನಿಯರ್’ ಎಂಬ ಸಣ್ಣ ನೌಕೆ ಕತ್ತಲಲ್ಲೇ ಸುತ್ತಿ 606 ಜನರನ್ನು ನೀರಿನಿಂದ ಎತ್ತಿತು. ಬ್ರಿಟಿಷ್ ಹಡಗುಗಳೂ ಹಲವರನ್ನು ಉಳಿಸಿದವು. ಸತ್ತವರು ಒಟ್ಟು 1,138 ಜನ. ಅವರಲ್ಲಿ 1,015 ಮಂದಿ ಅಮೇರಿಕದ ಸೈನಿಕರು.

ಮುಚ್ಚಿಟ್ಟ ಸುದ್ದಿ

ತಮ್ಮ ಹೊಸ ಬಾಂಬು ಎಷ್ಟು ಹಾನಿ ಮಾಡಿತು ಎಂದು ಜರ್ಮನರಿಗೆ ತಿಳಿಯಬಾರದು ಎಂಬ ಕಾರಣಕ್ಕೆ ಈ ಸುದ್ದಿಯನ್ನು ಮುಚ್ಚಿಟ್ಟರು. ಬದುಕಿ ಬಂದವರಿಗೂ ಬಾಯಿ ಬಿಡಬಾರದೆಂದು ಅಪ್ಪಣೆಯಾಯಿತು. ‘ನಿಮ್ಮ ಮಗ ಕಾಣೆಯಾಗಿದ್ದಾನೆ’ ಎಂಬ ತಂತಿ ಮನೆಗೆ ಹೋಯಿತು. ಎಲ್ಲಿ, ಹೇಗೆ ಅಂತ ತಿಳಿಯದೆಯೇ ಎಷ್ಟೋ ತಾಯಿ ತಂದೆ ತೀರಿಹೋದರು. ಯುದ್ಧ ಮುಗಿದು ದಶಕಗಳಾದರೂ ಈ ಹಡಗಿನ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಲ್ಲ. 1990ರ ನಂತರ ಬದುಕಿ ಉಳಿದವರೂ ಸತ್ತವರ ಮನೆಯವರೂ ಸೇರಿ ಸಂಘ ಮಾಡಿಕೊಂಡರು. 1996ರಲ್ಲಿ ಅಲಬಾಮಾ ರಾಜ್ಯದಲ್ಲಿ ಒಂದು ಸ್ಮಾರಕ ಎದ್ದಿತು. 2000ದಲ್ಲಿ ಅಮೇರಿಕದ ಸಂಸತ್ತು ಅವರನ್ನು ಗೌರವಿಸಿ ಠರಾವು ಮಾಡಿತು.

ಖಲಾಸಿಗಳ ಲೆಕ್ಕ

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ರೋಹ್ನಾದ ಸಿಬ್ಬಂದಿ 195 ಜನ. ದೊಡ್ಡ ಅಧಿಕಾರಿಗಳು ಬಿಳಿಯರು. ಉಳಿದ ಹೆಚ್ಚಿನವರು ಭಾರತದವರು. ಅವರ ಹುದ್ದೆಗಳ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಇಂಥ ಹಡಗುಗಳಲ್ಲಿ ಖಲಾಸಿಗಳ ಮುಖ್ಯಸ್ಥ ಸಾರಂಗ. ಅವನ ಕೆಳಗಿನವ ತಾಂಡೇಲ. ಅಡುಗೆಯವ ಭಂಡಾರಿ. ಬಾಯ್ಲರಿನ ಬೆಂಕಿ ನೋಡುವವ ಆಗ್‌ವಾಲ. ತಾಂಡೇಲ ಎಂಬ ಮಾತು ನಮ್ಮ ಸಮುದ್ರದ ದಂಡೆಯಲ್ಲಿ ಇಂದಿಗೂ ಇದೆಯಲ್ಲ! ಸಂಬಳ ಮಾತ್ರ ಬ್ರಿಟಿಷ್ ನಾವಿಕನದರ ಒಂದು ಸಣ್ಣ ಪಾಲು. 1939ರಲ್ಲಿ ಯುದ್ಧ ಶುರುವಾದಾಗ ‘ಸಾಯುವ ಅಪಾಯ ಎಲ್ಲರಿಗೂ ಒಂದೇ, ಸಂಬಳ ಯಾಕೆ ಕಡಿಮೆ?’ ಎಂದು ಭಾರತೀಯ ನಾವಿಕರು ಇಂಗ್ಲೆಂಡಿನ ಬಂದರುಗಳಲ್ಲಿ ಮುಷ್ಕರವನ್ನೂ ಮಾಡಿದ್ದರು.

ರೋಹ್ನಾದಿಂದ ಬದುಕಿ ಬಂದ ಕೆಲವು ಸೈನಿಕರು, ಖಲಾಸಿಗಳು ಹೆದರಿ ತಾವೇ ಮೊದಲು ದೋಣಿಗೆ ಹಾರಿದರು ಎಂದು ದೂರಿದ್ದಾರೆ. ಹಡಗಿಗೆ ಬೆಂಕಿ ಬಿದ್ದಾಗ ಹೆದರಿದವರು ಇದ್ದಿರಲೂಬಹುದು. ಆದರೆ ನಾನು ಕೂತು ಲೆಕ್ಕ ಮಾಡಿದೆ. ನೀವೂ ಮಾಡಿ ನೋಡಿ. ಸೈನಿಕರು 1,981, ಸತ್ತವರು 1,015. ಅಂದರೆ ನೂರಕ್ಕೆ 51. ಸಿಬ್ಬಂದಿ 195, ಸತ್ತವರು ಸುಮಾರು 120. ಅಂದರೆ ನೂರಕ್ಕೆ 60ಕ್ಕೂ ಮೇಲೆ! ತಾವೇ ಮೊದಲು ಪಾರಾದವರ ಲೆಕ್ಕ ಹೀಗಿರುತ್ತದೆಯೇ? ಶತಮಾನ ಲೆಕ್ಕ ಪರೀಕ್ಷೆಗೆ ಮಾತ್ರ ಅಂತ ತಿಳಿದಿದ್ದೆವು. ಸತ್ತವರ ಮೇಲಿನ ದೂರನ್ನು ತೂಗಿ ನೋಡಲಿಕ್ಕೂ ಅದು ಬರುತ್ತದೆ.

ಸೈನಿಕರ ಮನೆಯವರು ಐವತ್ತು ವರ್ಷ ಕಾದು ಕೊನೆಗೆ ಸತ್ಯ ತಿಳಿದರು. ನಮ್ಮ ಖಲಾಸಿಗಳು ಮಾತ್ರ ಹೆಚ್ಚಿನ ಬರಹಗಳಲ್ಲಿ ಇನ್ನೂ ಒಂದು ಸಂಖ್ಯೆಯಾಗಿಯೇ ಉಳಿದಿದ್ದಾರೆ. ಆದರೂ ಹೆಸರುಗಳು ಪೂರ್ತಿ ಅಳಿದಿಲ್ಲ. ಆ ಯುದ್ಧದಲ್ಲಿ ಸಮುದ್ರಪಾಲಾದ ಅವಿಭಜಿತ ಭಾರತದ ನೌಕಾಪಡೆ ಮತ್ತು ವ್ಯಾಪಾರಿ ಹಡಗುಗಳ ಸುಮಾರು 6,500 ನಾವಿಕರ ಹೆಸರು ಬರೆದ ಸ್ಮರಣ ಪುಸ್ತಕಗಳಿವೆ. ಒಂದನ್ನು ಮುಂಬಯಿಯ ನಾವಿಕರ ವಸತಿಗೃಹಕ್ಕಾಗಿ, ಇನ್ನೊಂದನ್ನು ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗಿಗಾಗಿ ಮಾಡಿಸಿದರು. ಅವರಿಗೆ ಗೋರಿಯಿಲ್ಲ, ಚಿತೆಯಿಲ್ಲ. ಆ ಪುಟಗಳೇ ಎಲ್ಲ.

ಉಳಿದ ಹಡಗು

ರಾಜುಲಾ ಕೂಡ ಯುದ್ಧದಲ್ಲಿ ಸೈನಿಕರನ್ನು ಹೊತ್ತಿತು. ಆದರೆ ಅದು ಬದುಕಿ ಬಂತು. ಮತ್ತೆ ಮದರಾಸು-ಸಿಂಗಾಪುರ ದಾರಿಯಲ್ಲಿ ಬಹಳ ವರ್ಷ ಜನರನ್ನು ಸಾಗಿಸಿತು. 1973ರಲ್ಲಿ ಭಾರತದ ಶಿಪ್ಪಿಂಗ್ ಕಾರ್ಪೊರೇಶನ್ ಅದನ್ನು ಕೊಂಡು ‘ರಂಗತ್’ ಎಂದು ಹೆಸರಿಟ್ಟಿತು. 1974ರಲ್ಲಿ ಮುಂಬಯಿಯಲ್ಲಿ ಒಡೆದು ಗುಜರಿ ಮಾಡಿದರು. ಒಂದೇ ವರ್ಷ ಹುಟ್ಟಿದ ಎರಡರಲ್ಲಿ ಒಂದಕ್ಕೆ 17 ವರ್ಷ ಆಯುಷ್ಯ, ಇನ್ನೊಂದಕ್ಕೆ 48 ವರ್ಷ. ರೋಹ್ನಾ ತಲುಪಬೇಕಿದ್ದ ಮುಂಬಯಿಯಲ್ಲೇ ಅದರ ಜೊತೆಯ ಹಡಗು ಕಡೆಗೆ ಬಂದು ನಿಂತಿತು.

ಗೆಳೆಯರೇ, ನಮ್ಮ ಕರಾವಳಿಯಿಂದಲೂ ಹಿಂದೆ ಮುಂಬಯಿಗೆ ಹೋಗಿ ಹಡಗಿನ ಕೆಲಸಕ್ಕೆ ಸೇರಿದವರಿದ್ದಾರೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಹಿರಿಯರನ್ನು ಕೇಳಿ. ‘ನಮ್ಮ ಮುತ್ತಜ್ಜ ಹಡಗಿಗೆ ಹೋಗಿದ್ದರು’ ಅಂತ ಯಾರಾದರೂ ಹೇಳಿದರೆ ಅವರ ಹೆಸರು, ಹಡಗಿನ ಹೆಸರು ಕೂಡಲೇ ಬರೆದಿಟ್ಟುಕೊಳ್ಳಿ. ಹಳೇ ಪೆಟ್ಟಿಗೆಯಲ್ಲಿ ಹಡಗಿನ ಚಾಕರಿ ಪುಸ್ತಕ ಇದ್ದರೆ ರದ್ದಿಗೆ ಹಾಕಲು ಬಿಡಬೇಡಿ. ಮುಂದಿನ ಸಂಚಿಕೆಗೆ ಬರೆದು ಕೊಡಿ, ನಾವು ಇದೇ ಗೋಡೆಯ ಮೇಲೆ ಹಚ್ಚೋಣ.