ಫೋನಿನ ಹಿಸ್ಟರಿ: ಯಾವಾಗ ಅಳಿಸಬೇಕು, ಯಾವಾಗ ಅಳಿಸಬಾರದು?



ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ಕ್ಯಾನನ್ನು ತೊಳೆದು ಬೋರಲು ಹಾಕುವುದು ನಮ್ಮೆಲ್ಲರ ರೂಢಿ. ಬೆಳಗಿನ ಹಾಲಿನ ಪಸೆ ಉಳಿದರೆ ಸಂಜೆಯ ಹಾಲು ಕೆಡುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಗ ನಮ್ಮ ಮನೆಗಳಲ್ಲಿ ಕ್ಯಾನಿನಷ್ಟೇ ಬಳಕೆಯಾಗುವ ಇನ್ನೊಂದು ಸಾಮಾನು ಸೇರಿಕೊಂಡಿದೆ. ಅದೇ ಸ್ಮಾರ್ಟ್‌ಫೋನು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಯಾವ ತಾಲೂಕಿನ ಹಳ್ಳಿಗೆ ಹೋದರೂ ಹಾಲಿನ ಬಟವಾಡೆ ಖಾತೆಗೆ ಜಮಾ ಆಯಿತೇ, ಗೋವಿನಜೋಳದ ಧಾರಣೆ ಎಷ್ಟಿದೆ, ಕರುವಿಗೆ ಭೇದಿ ಹತ್ತಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಜನರು ಇದರಲ್ಲಿಯೇ ನೋಡುತ್ತಾರೆ. ಈ ಸಾಮಾನನ್ನೂ ಆಗಾಗ ತೊಳೆದಿಡಬೇಕು. ಆದರೆ ತೊಳೆಯಬಾರದ ಒಂದು ಸಮಯವೂ ಉಂಟು. ಈ ಲೇಖನದಲ್ಲಿ ಎರಡನ್ನೂ ತಿಳಿಯೋಣ.

ಹಿಸ್ಟರಿ ಎಂದರೇನು?

ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಎನ್ನುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ಕ್ರೋಮ್. ತಾವು ಯಾವ ದಿನ, ಎಷ್ಟು ಗಂಟೆಗೆ, ಯಾವ ಪುಟ ನೋಡಿದಿರಿ ಎಂಬುದನ್ನು ಅದು ತಾನಾಗಿಯೇ ಬರೆದಿಡುತ್ತದೆ. ಈ ಪಟ್ಟಿಯೇ ಹಿಸ್ಟರಿ. ಕನ್ನಡದ ಮೆನು ಇದ್ದರೆ 'ಇತಿಹಾಸ' ಎಂದು ಕಾಣುತ್ತದೆ. ಕ್ರೋಮಿನ ಈ ಪುಟದಲ್ಲಿ ಹಿಂದಿನ 90 ದಿನಗಳ ಪಟ್ಟಿ ಸಿಗುತ್ತದೆ.

ಪಟ್ಟಿಯ ಜೊತೆಗೆ ಕುಕ್ಕಿ ಎಂಬ ಸಣ್ಣ ಗುರುತಿನ ಚೀಟಿಗಳೂ ಫೋನಿನಲ್ಲಿ ಉಳಿಯುತ್ತವೆ. 1994ರಲ್ಲಿ ಅಮೆರಿಕೆಯ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲ್ಲಿ ಈ ಪದ್ಧತಿಯನ್ನು ರೂಪಿಸಿದರು. ಸಂಘದಲ್ಲಿ ಸದಸ್ಯರ ಸಂಖ್ಯೆ ಹೇಳಿದ ಕೂಡಲೆ ಇವರು ಇಂಥವರೆಂದು ಗುರುತು ಹತ್ತುವಂತೆ, ಒಮ್ಮೆ ಪಾಸ್‌ವರ್ಡ್ ಕೊಟ್ಟು ಒಳಹೋದ ಜಾಲತಾಣವು ಮರುದಿನ ಈ ಚೀಟಿ ನೋಡಿಯೇ ತಮ್ಮನ್ನು ಒಳಗೆ ಬಿಡುತ್ತದೆ. ಇದು ಅನುಕೂಲ. ಆದರೆ ಫೋನು ಬೇರೆಯವರ ಕೈಗೆ ಹೋದರೆ ಅವರನ್ನೂ ಅದು ತಾವೆಂದೇ ತಿಳಿಯುತ್ತದೆ.

ಅಳಿಸುವುದು ಏಕೆ?

"ನಾವೇನು ಕಳ್ಳತನ ಮಾಡಿದ್ದೇವೆಯೇ? ಮುಚ್ಚಿಡುವುದು ಏನಿದೆ?" ಎಂದು ಕೆಲವರು ಕೇಳಬಹುದು. ಮನೆಯ ಹೆಣ್ಣುಮಗಳು ತನ್ನ ಕಾಯಿಲೆಯ ಬಗ್ಗೆ ಓದಿರಬಹುದು. ಯಜಮಾನರು ಸಾಲ ತೀರಿಸುವ ದಾರಿ ಹುಡುಕಿರಬಹುದು. ಇದು ತಪ್ಪಲ್ಲ, ಆದರೆ ಊರಿಗೆಲ್ಲ ತಿಳಿಯಬೇಕಾದ ಮಾತೂ ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಹಕ್ಕು ನಮಗೂ ಉಂಟು.

ಮುಖ್ಯವಾಗಿ ಈ ಮೂರು ಸಂದರ್ಭಗಳಲ್ಲಿ ಅಳಿಸುವುದು ಒಳ್ಳೆಯದು:

1. ಪಕ್ಕದ ಮನೆಯವರ ಅಥವಾ ಅಂಗಡಿಯವರ ಫೋನಿನಲ್ಲಿ ತಮ್ಮ ಕೆಲಸ ಮಾಡಿಕೊಂಡಾಗ. ಮೊದಲು ಆ ಜಾಲತಾಣದಿಂದ 'ಲಾಗ್ ಔಟ್' ಆಗಿ, ಆಮೇಲೆ ಆ ಹೊತ್ತಿನ ಹಿಸ್ಟರಿಯನ್ನು ಅವರ ಎದುರಿಗೇ ಅಳಿಸಿರಿ.

2. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಾಗ.

3. ಹಳೆಯ ಫೋನನ್ನು ಮಾರುವಾಗ. ಆದರೆ ಆಗ ಹಿಸ್ಟರಿ ಅಳಿಸಿದರಷ್ಟೇ ಸಾಲದು. ಬೇಕಾದ ಫೋಟೊ ಮತ್ತು ನಂಬರುಗಳನ್ನು ಬೇರೆಡೆ ಉಳಿಸಿಕೊಂಡು, 'ಫ್ಯಾಕ್ಟರಿ ರೀಸೆಟ್' ಮಾಡಿಯೇ ಕೊಡಬೇಕು.

ಅಳಿಸುವ ಕ್ರಮ

1. ಕ್ರೋಮ್ ತೆರೆಯಿರಿ. ಬಲಗಡೆ ಒಂದರ ಕೆಳಗೊಂದು ಇರುವ ಮೂರು ಚುಕ್ಕೆಗಳನ್ನು ಒತ್ತಿರಿ.

2. 'ಹಿಸ್ಟರಿ' ಒತ್ತಿ, ಅಲ್ಲಿ 'ಡಿಲೀಟ್ ಬ್ರೌಸಿಂಗ್ ಡೇಟಾ' ಎಂಬುದನ್ನು ಆರಿಸಿರಿ. ಹಳೆಯ ಫೋನುಗಳಲ್ಲಿ 'ಕ್ಲಿಯರ್ ಬ್ರೌಸಿಂಗ್ ಡೇಟಾ' ಎಂದು ಇರಬಹುದು.

3. ಎಷ್ಟು ಅವಧಿಯದನ್ನು ಅಳಿಸಬೇಕೆಂದು ಕೇಳುತ್ತದೆ. ಕಳೆದ ಒಂದು ಗಂಟೆ, 24 ಗಂಟೆ, 7 ದಿನ, 4 ವಾರ ಅಥವಾ ಎಲ್ಲವೂ ಎಂದು ಆರಿಸಬಹುದು. ಬೇರೆಯವರ ಫೋನಾದರೆ ಒಂದು ಗಂಟೆಯದಷ್ಟನ್ನೇ ಆರಿಸಿರಿ. ಅವರ ಪಟ್ಟಿಯನ್ನೆಲ್ಲ ಅಳಿಸುವುದು ಸರಿಯಲ್ಲ.

4. ಹಿಸ್ಟರಿ, ಕುಕ್ಕಿ ಮತ್ತು ಕ್ಯಾಶೆ ಎಂಬುವಕ್ಕೆ ಗುರುತು ಹಾಕಿರಿ. ಕ್ಯಾಶೆ ಎಂದರೆ ಪುಟ ಬೇಗ ತೆರೆಯಲೆಂದು ಫೋನು ಕೂಡಿಟ್ಟ ಚಿತ್ರ ಮತ್ತು ಕಡತಗಳು. 'ಸೇವ್ಡ್ ಪಾಸ್‌ವರ್ಡ್ಸ್' ಎಂಬುದಕ್ಕೆ ಯೋಚಿಸದೆ ಗುರುತು ಹಾಕಬೇಡಿರಿ. ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಮತ್ತೆ ಒಳಹೋಗುವುದು ಕಷ್ಟವಾಗುತ್ತದೆ.

5. ಕೊನೆಗೆ 'ಡಿಲೀಟ್ ಡೇಟಾ' ಒತ್ತಿರಿ.

ಕುಕ್ಕಿ ಅಳಿಸಿದ ಮೇಲೆ ಹೆಚ್ಚಿನ ಜಾಲತಾಣಗಳು ಮತ್ತೆ ಪಾಸ್‌ವರ್ಡ್ ಕೇಳುತ್ತವೆ. ಗಾಬರಿಯಾಗಬೇಕಿಲ್ಲ. ಬೇರೆಯವರ ಫೋನಿನಲ್ಲಿ ಮೊದಲಿಗೇ 'ಇನ್‌ಕಾಗ್ನಿಟೊ' ಪುಟ ತೆರೆದು ಕೆಲಸ ಮಾಡಿದರೆ ಇನ್ನೂ ಸುಲಭ. ಅಂಥ ಪುಟಗಳನ್ನೆಲ್ಲ ಮುಚ್ಚಿದ ಕೂಡಲೆ ಅವುಗಳ ಹಿಸ್ಟರಿ ಫೋನಿನಲ್ಲಿ ಉಳಿಯುವುದಿಲ್ಲ.

ಅಳಿಸಿದರೂ ಉಳಿಯುವುದು

ತಮ್ಮ ಮನೆಯಲ್ಲಿರುವ ಹಾಲಿನ ಪುಸ್ತಕವನ್ನು ಹರಿದುಹಾಕಿದರೆ ಸಂಘದ ರಜಿಸ್ಟರಿನ ಲೆಕ್ಕ ಅಳಿಯುತ್ತದೆಯೇ? ಇಲ್ಲ. ಇಲ್ಲಿಯೂ ಹಾಗೆಯೇ. ಫೋನಿನ ಪಟ್ಟಿ ಹೋಗುತ್ತದೆ. ಆದರೆ ತಾವು ಹಣ ಕಳಿಸಿದ ಲೆಕ್ಕ ಬ್ಯಾಂಕಿನಲ್ಲಿ ಇರುತ್ತದೆ. ಯಾವ ಸಂಪರ್ಕ ಯಾವಾಗ ಆಯಿತೆಂಬ ದಾಖಲೆಯನ್ನು ದೂರಸಂಪರ್ಕ ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕೆಂದು ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ಷರತ್ತು ತಿದ್ದಿತು. ಯೂಟ್ಯೂಬಿನಲ್ಲಿ ನೋಡಿದ್ದಕ್ಕೆ ಬೇರೆಯೇ ಪಟ್ಟಿ ಇದೆ. ಗೂಗಲ್ ಖಾತೆಯ 'ಮೈ ಆ್ಯಕ್ಟಿವಿಟಿ'ಯಲ್ಲಿಯೂ ಹುಡುಕಿದ ವಿಷಯಗಳು ಉಳಿದಿರಬಹುದು. ಡೌನ್‌ಲೋಡ್ ಮಾಡಿಕೊಂಡ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪ್ರತಿ ಇವು ಹಿಸ್ಟರಿಯ ಜೊತೆ ಹೋಗುವುದಿಲ್ಲ. ಅವುಗಳನ್ನು 'ಫೈಲ್ಸ್' ಒಳಗಿನ 'ಡೌನ್‌ಲೋಡ್ಸ್'ನಿಂದ ಬೇರೆಯಾಗಿಯೇ ಅಳಿಸಬೇಕು.

ಇನ್ನೊಂದು ಮಾತು. ಫೋನಿನೊಳಗೆ ಕೆಟ್ಟ ಆ್ಯಪ್ ಸೇರಿಕೊಂಡಿದ್ದರೆ ಹಿಸ್ಟರಿ ಅಳಿಸಿದ್ದರಿಂದ ಅದು ಹೋಗುವುದಿಲ್ಲ. ಕ್ಯಾನಿನ ಹೊರಮೈ ತಿಕ್ಕಿದರೆ ಒಳಗಿನ ಹುಳಿ ಹೋಗದಂತೆ ಇದು.

ಅಳಿಸಬಾರದ ಸಮಯ

ಬಂಧುಗಳೇ, ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿರಿ.

ಒಬ್ಬ ಸದಸ್ಯರಿಗೆ ಪಿ.ಎಂ. ಕಿಸಾನ್ ಹೆಸರಿನಲ್ಲಿ ಒಂದು ಸಂದೇಶ ಬಂತು ಎಂದಿಟ್ಟುಕೊಳ್ಳಿ. 2019ರಿಂದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುವುದು ಎಲ್ಲರಿಗೂ ಗೊತ್ತು. 'ಕಂತು ನಿಂತಿದೆ, ಇದನ್ನು ಒತ್ತಿರಿ' ಎಂದು ಸಂದೇಶದಲ್ಲಿತ್ತು. ಅವರು ಒತ್ತಿದರು, ಕೇಳಿದ ವಿವರ ತುಂಬಿದರು. ಸ್ವಲ್ಪ ಹೊತ್ತಿಗೆ ಖಾತೆಯಲ್ಲಿದ್ದ ಹಾಲಿನ ಹಣ ಹೋಯಿತು. ಮನೆಯವರು ಬೈಯುತ್ತಾರೆಂಬ ನಾಚಿಕೆಯಿಂದಲೋ ಅಂಜಿಕೆಯಿಂದಲೋ ಅವರು ಮೊದಲು ಮಾಡುವ ಕೆಲಸವೆಂದರೆ ಸಂದೇಶವನ್ನೂ ಹಿಸ್ಟರಿಯನ್ನೂ ಅಳಿಸುವುದು. ಇದೇ ದೊಡ್ಡ ತಪ್ಪು.

ಫ್ಯಾಟಿನ ಬಗ್ಗೆ ತಕರಾರು ಬಂದಾಗ ಸ್ಯಾಂಪಲ್ ಚೆಲ್ಲಿಬಿಟ್ಟರೆ ಮರುಪರೀಕ್ಷೆ ಮಾಡುವುದು ಯಾವುದನ್ನು? ಮೋಸವಾದ ಫೋನಿನಲ್ಲಿ ಹಿಸ್ಟರಿಯೇ ಸ್ಯಾಂಪಲ್. ಮೋಸದ ಪುಟದ ವಿಳಾಸ, ತೆರೆದ ವೇಳೆ ಅದರಲ್ಲಿಯೇ ಇರುತ್ತದೆ. ಆದ್ದರಿಂದ:

1. ಫೋನಿನ ಇಂಟರ್‌ನೆಟ್ ಬಂದ್ ಮಾಡಿರಿ. ಏನನ್ನೂ ಅಳಿಸಬೇಡಿರಿ, ರೀಸೆಟ್ ಮಾಡಬೇಡಿರಿ.

2. ಇನ್ನೊಂದು ಫೋನಿನಿಂದ ಕೂಡಲೆ 1930ಕ್ಕೆ ಕರೆ ಮಾಡಿರಿ. ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಇದು. ಮೋಸಗಾರರು ಹಣ ತೆಗೆಯುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯಲು ಸಾಧ್ಯ. ಇಲ್ಲಿ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ.

3. ತಮ್ಮ ಬ್ಯಾಂಕಿಗೂ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿರಿ.

4. ಹಿಸ್ಟರಿಯಲ್ಲಿರುವ ವಿಳಾಸ, ವೇಳೆ ಮತ್ತು ಸಂದೇಶ ಬಂದ ನಂಬರನ್ನು ಹಾಳೆಯ ಮೇಲೆ ಬರೆದುಕೊಳ್ಳಿರಿ. ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋನು ಮತ್ತು ಪಾಸ್‌ಬುಕ್ ಸಹಿತ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಹಾವೇರಿಯ ಸಿ.ಇ.ಎನ್. ಠಾಣೆಗೆ ಹೋಗಿರಿ.

ಹಿಸ್ಟರಿಯಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ನೋಡಲು ಒಂದು ಉಪಾಯವಿದೆ. ಪಿ.ಎಂ. ಕಿಸಾನ್ ಮತ್ತು ರೈತರ ನೋಂದಣಿಯ ಫ್ರೂಟ್ಸ್, ಈ ಎರಡೂ ಸರಕಾರಿ ತಾಣಗಳ ಹೆಸರು 'ಡಾಟ್ ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಹೆಸರಿನ ನಡುವೆ 'ಕಿಸಾನ್' ಎಂದೋ 'ಬ್ಯಾಂಕ್' ಎಂದೋ ಇದ್ದು, ಕೊನೆ ಬೇರೆಯಾಗಿದ್ದರೆ ಅನುಮಾನ ಪಡಬೇಕು.

"ನಿಮ್ಮ ಫೋನಿನಲ್ಲಿ ವೈರಸ್ ಇದೆ, ಹಿಸ್ಟರಿ ತೆಗೆದುಕೊಡುತ್ತೇವೆ" ಎಂದು ಯಾರಾದರೂ ಕರೆ ಮಾಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಲು ಹೇಳಿದರೆ ಕರೆಯನ್ನು ಕಡಿದುಬಿಡಿರಿ. ಹಿಸ್ಟರಿ ಅಳಿಸಲು ಯಾರ ಸಹಾಯವೂ, ಯಾವ ಹೊಸ ಆ್ಯಪ್ ಕೂಡ ಬೇಕಿಲ್ಲ ಎಂಬುದನ್ನು ಮೇಲೆ ನೋಡಿದ್ದೀರಿ.

ಕೊನೆಯ ಮಾತು

ಎರಡು ಹೊತ್ತು ಕೊಟ್ಟಿಗೆಯಲ್ಲಿ ದುಡಿದು ಗಳಿಸಿದ ಹಣ ಇದು. ಎಲ್ಲ ಸರಿಯಿರುವಾಗ ಹಿಸ್ಟರಿ ಅಳಿಸುವುದು ಶುಚಿತ್ವ. ಮೋಸವಾದಾಗ ಅಳಿಸುವುದು ಸಾಕ್ಷಿಯನ್ನು ಕೈಯಾರೆ ಕಳೆದುಕೊಂಡಂತೆ. ಮೋಸ ಹೋದವರಿಗೆ ನಾಚಿಕೆ ಬೇಡ, ನಾಚಿಕೆಯಾಗಬೇಕಾದದ್ದು ಮೋಸ ಮಾಡಿದವರಿಗೆ. ಮನೆಯ ಹಿರಿಯರೋ ಮಕ್ಕಳೋ ಹಣ ಕಳೆದುಕೊಂಡು ಬಂದು ಹೇಳಿದರೆ ಬೈಯುವುದನ್ನು ಆಮೇಲೆ ಇಟ್ಟುಕೊಂಡು ಮೊದಲು 1930ಕ್ಕೆ ಕರೆ ಮಾಡಿರಿ. ಈ ನಂಬರನ್ನು ಇಂದೇ ಹಾಲಿನ ಪುಸ್ತಕದ ರಟ್ಟಿನ ಮೇಲೆ ಬರೆದಿಡಬೇಕೆಂದು ತಮ್ಮಲ್ಲಿ ವಿನಂತಿ.